ಒಂದನೇ ತಾರೀಖಿನ ಮನೆ

ಬೆಂಗಳೂರಿನಲ್ಲಿ ಬಾಡಿಗೆ ಮನೆಗಳು ಕೈ ಬದಲಾಗುವುದು ಹೆಚ್ಚಾಗಿ ತಿಂಗಳ ಒಂದನೇ ತಾರೀಖು. ಹಳಬರು ಹಿಂದಿನ ದಿನ ಸಂಜೆ ಖಾಲಿ ಮಾಡಬೇಕು, ಹೊಸಬರು ಮರುದಿನ ಬೆಳಿಗ್ಗೆ ಹಾಲುಕ್ಕಿಸಬೇಕು. ನಡುವೆ ಉಳಿಯುವುದು ಒಂದು ರಾತ್ರಿ. ಅಷ್ಟರಲ್ಲೇ ಗೋಡೆಗೆ ಬಣ್ಣ ಬಳಿಸಬೇಕು, ಸೋರುವ ನಲ್ಲಿ ಸರಿಮಾಡಿಸಬೇಕು, ಕರೆಂಟ್ ಬಿಲ್ಲಿನ ಬಾಕಿ ಚುಕ್ತಾ ಆಗಬೇಕು. ಆಗದ ಕೆಲಸವೆಂದು ಮಾಲೀಕರಿಗೂ ಗೊತ್ತು. ಆದರೂ ಟೋಕನ್ ಹಣ ಕೈಗೆ ಬಂದಾಗ ಅವರು ಆಡುವ ಮಾತು ಒಂದೇ: "ಒಂದನೇ ತಾರೀಖು ಬಂದ್ಬಿಡಿ ಸಾರ್, ಏನೂ ತೊಂದರೆ ಇಲ್ಲ."

ಒಂದನೇ ತಾರೀಖು ಸಾಮಾನು ತುಂಬಿದ ಗಾಡಿ ಗೇಟಿನ ಮುಂದೆ ನಿಂತಾಗ ಪೇಂಟರ್ ಇನ್ನೂ ಏಣಿಯ ಮೇಲಿರುತ್ತಾನೆ. "ಇನ್ನೆರಡು ದಿನ" ಎಂಬ ಉತ್ತರ ಬರುತ್ತದೆ. ಎರಡು ದಿನ ಕಳೆದ ಮೇಲೆ ಮಾಲೀಕರು ಫೋನ್ ಎತ್ತುವುದಿಲ್ಲ.

ಪೇಂಟರ್ ಮೇಲೆ ಹೊರಿಸಿದಷ್ಟು ತಪ್ಪನ್ನು ಆತ ಮಾಡಿರುವುದಿಲ್ಲ. ಬಹಳ ಸಲ ತಡಕ್ಕೆ ಕಾರಣ ಅಡ್ವಾನ್ಸ್. ಈ ಊರಿನಲ್ಲಿ 10 ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಹಳೆಯದು; ಈಗ ಕೆಲವೆಡೆ ಐದಾರು ತಿಂಗಳಿಗೆ ಇಳಿದಿದೆ. ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆಗೆ 10 ತಿಂಗಳೆಂದರೆ 2 ಲಕ್ಷ. ಆ ಹಣ ಬ್ಯಾಂಕಿನಲ್ಲಿ ಸುಮ್ಮನೆ ಕೂತಿರುವುದು ಅಪರೂಪ. ಮೇಲಿನ ಮಹಡಿ ಕಟ್ಟಲು, ಮಗಳ ಮದುವೆಗೆ ಎಂದೋ ಖರ್ಚಾಗಿರುತ್ತದೆ. ಹಳಬರಿಗೆ ವಾಪಸು ಕೊಡಬೇಕಾದರೆ ಹೊಸಬರ ಅಡ್ವಾನ್ಸ್ ಬರಬೇಕು. ಕೈಗೆ ದುಡ್ಡು ಸಿಗದೆ ಹಳಬರು ಕದಲುವುದಿಲ್ಲ, ಏಕೆಂದರೆ ಅವರ ಹೊಸ ಮಾಲೀಕರೂ ಅಡ್ವಾನ್ಸ್‌ಗೆ ಕಾಯುತ್ತಿದ್ದಾರೆ. ಹಳಬರು ಬಿಡುವವರೆಗೆ ಬೀಗದಕೈ ಕಾಣದ ಹೊಸಬರು ಪೂರ್ತಿ ಹಣ ಕೊಡಲು ಒಪ್ಪುವುದಿಲ್ಲ. ಒಂದು ಮನೆಯ ಗಂಟು ಬಿಚ್ಚದಿದ್ದರೆ ಮೂರು ಮನೆಯ ಸಾಮಾನು ಕಟ್ಟಿದಲ್ಲೇ ಉಳಿಯುತ್ತದೆ.

"ಹಿಂದಿನವರಿಗೆ ಕೊಡಲು ನನ್ನ ಹತ್ತಿರ ಹಣವಿಲ್ಲ" ಎಂದು ಮನೆ ಯಜಮಾನರು ಹೇಳುವುದು ಹೇಗೆ? ಮಾನದ ಪ್ರಶ್ನೆ. ಬಂದ ಗಿರಾಕಿ ಬೇರೆ ಮನೆ ನೋಡಿಕೊಂಡಾರು ಎಂಬ ಭಯ ಬೇರೆ. ನಿವೃತ್ತರಿಗೆ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಔಷಧಿ ಖರ್ಚಿಗೇ ಕತ್ತರಿ. ಇತ್ತ ಬಾಡಿಗೆಗೆ ಬರುವವರೇನೂ ಕಡಿಮೆಯಲ್ಲ. ಐದು ಸಾವಿರ ಟೋಕನ್ ಕೊಟ್ಟು, ಇನ್ನೂ ನಾಲ್ಕು ಮನೆ ನೋಡುತ್ತಾ, ಕೊನೆಗೆ ಬಾರದೆ ಹೋಗುವವರೂ ಇದ್ದಾರೆ. ನಡುವಿನ ಬ್ರೋಕರ್‌ಗಂತೂ ಕಮಿಷನ್ ಕೈ ಸೇರಿದ ಮೇಲೆ ಎರಡೂ ಕಡೆಯ ನಂಬರ್ ಮರೆತೇ ಹೋಗುತ್ತದೆ.

ಜೂನ್-ಜುಲೈ ಹೊತ್ತಿಗೆ ಇದಕ್ಕೆ ಆಷಾಢವೂ ಸೇರಿಕೊಳ್ಳುತ್ತದೆ. ಅಮಾವಾಸ್ಯೆಗೆ ಮೊದಲು ಹಾಲುಕ್ಕಿಸಲಾಗದಿದ್ದರೆ ನಂಬಿಕೆಯುಳ್ಳವರು ಶ್ರಾವಣದವರೆಗೆ ಹೊಸ್ತಿಲು ದಾಟುವುದಿಲ್ಲ. ನಾಲ್ಕು ದಿನದ ತಡ ಒಂದು ತಿಂಗಳಾಗುತ್ತದೆ. ಹಳಬರ ಸಾಮಾನು ಹೋಗಿದ್ದರೆ ಜಾಣ ಮಾಲೀಕರು ಒಂದು ಬೆಳಗಿನ ಮಟ್ಟಿಗೆ ಬೀಗದಕೈ ಕೊಡುತ್ತಾರೆ. ಅಡುಗೆಮನೆಯಲ್ಲಿ ಪೇಂಟ್ ಡಬ್ಬ ಒಂದು ಬದಿಗೆ ಸರಿಸಿ, ಪುಟ್ಟ ಗ್ಯಾಸ್ ಸ್ಟೌ ಇಟ್ಟು, ಹಾಲು ಉಕ್ಕಿಸಿ, ಆ ಕುಟುಂಬ ಮತ್ತೆ ಹಳೆ ಮನೆಗೆ ಹೋಗುತ್ತದೆ. ಇದು ಸಾಧ್ಯವಾಗುವುದು ತಡವಾಗುತ್ತದೆಂದು ಮಾಲೀಕರು ಮೊದಲೇ ಬಾಯಿಬಿಟ್ಟು ಹೇಳಿದಾಗ ಮಾತ್ರ.

ಹೀಗೆ ಕಾಯುವುದು ಇಂದಿನ ಕಥೆಯಲ್ಲ, ಈ ಊರಿನದು ಮಾತ್ರವೂ ಅಲ್ಲ. ಅಮೆರಿಕದ ವರ್ಜೀನಿಯಾದಲ್ಲಿ 1928ರ ಜನವರಿ 1ರಿಂದ 15 ವರ್ಷಕ್ಕೆ ಎಂದು ಗುತ್ತಿಗೆ ಪಡೆದ ವ್ಯಕ್ತಿಯೊಬ್ಬರಿಗೆ ಹಿಂದಿನವರು ಜಾಗ ಬಿಡಲೇ ಇಲ್ಲ. ಗುತ್ತಿಗೆ ಪಡೆದವರು ಕೋರ್ಟಿಗೆ ಹೋದರು. 1930ರಲ್ಲಿ ಬಂದ ತೀರ್ಪು: ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ಹಿಂದಿನವರನ್ನು ಎಬ್ಬಿಸಿ ಜಾಗ ಕೊಡುವ ಹೊಣೆ ಮಾಲೀಕರದಲ್ಲ. ಇಂಗ್ಲೆಂಡಿನ ನ್ಯಾಯಾಲಯ ಅದಕ್ಕೂ ನೂರು ವರ್ಷ ಮೊದಲು, 1829ರಲ್ಲೇ, ಇದಕ್ಕೆ ತದ್ವಿರುದ್ಧವಾಗಿ ಹೇಳಿತ್ತು. ನಮ್ಮ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಬಾಡಿಗೆದಾರರು ಕೇಳಿದಾಗ ಸ್ವಾಧೀನ ಕೊಡುವುದು ಮಾಲೀಕರ ಹೊಣೆ ಎನ್ನುತ್ತದೆ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ.

ಫ್ಲ್ಯಾಟ್ ಕೊಂಡವರಿಗೆ ಬಿಲ್ಡರ್ ತಡಮಾಡಿದರೆ, ಅವರು ಯೋಜನೆಯಲ್ಲೇ ಉಳಿದು ಕಾಯುವುದಾದರೆ, 2016ರ ರೇರಾ ಕಾಯ್ದೆ ಪ್ರತಿ ತಿಂಗಳ ತಡಕ್ಕೂ ಬಡ್ಡಿ ಕೊಡಿಸುತ್ತದೆ. ಬಾಡಿಗೆ ಮನೆಗೆ ಕಾದವರು ಎರಡು ವಾರದ ಲಾಡ್ಜ್ ಖರ್ಚಿಗಾಗಿ ಕೋರ್ಟು ಹತ್ತುವುದುಂಟೇ? ತಡದ ಮೂಲವಾದ ಅಡ್ವಾನ್ಸಿನ ವಿಷಯಕ್ಕೆ ಬಂದರೆ, 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಠೇವಣಿಯನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿತು. ಅದು ಮಾದರಿ ಮಾತ್ರ, ಜಾರಿಗೆ ತರಬೇಕಾದವರು ರಾಜ್ಯಗಳು.

ಹಾಗಾಗಿ ಉಳಿಯುವುದು 11 ತಿಂಗಳ ಕರಾರು ಪತ್ರ. ಗೋಡೆಗೆ ಮೊಳೆ ಹೊಡೆಯಬಾರದು, ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಮುರಿದುಕೊಳ್ಳಲಾಗುವುದು ಎಂಬುದೆಲ್ಲ ಅದರಲ್ಲಿ ಚಾಚೂ ತಪ್ಪದೆ ಇರುತ್ತದೆ. ಬಾಡಿಗೆ ಶುರುವಾಗುವ ತಾರೀಖೂ ಇರುತ್ತದೆ. ಬೀಗದಕೈ ಕೊಡುವ ತಾರೀಖು ಮಾತ್ರ ಇರುವುದಿಲ್ಲ. ಬೀಗದಕೈ ಸಿಕ್ಕ ದಿನದಿಂದ ಬಾಡಿಗೆ ಲೆಕ್ಕ, ಇಷ್ಟು ದಿನ ಮೀರಿದರೆ ಅಡ್ವಾನ್ಸ್ ವಾಪಸು ಎಂದು ಎರಡು ಸಾಲು ಸೇರಿಸಲು ಇ-ಸ್ಟಾಂಪ್ ಕಾಗದದಲ್ಲಿ ಜಾಗ ಬೇಕಾದಷ್ಟಿದೆ, ಟೈಪ್ ಮಾಡುವ ಅಂಗಡಿಯವರು ಅದಕ್ಕೆ ಬೇರೆ ದುಡ್ಡನ್ನೂ ಕೇಳುವುದಿಲ್ಲ.