ಅದಿರು ಹುಟ್ಟುವ ಬಗೆ



ಭೂಮಿಯನ್ನೂ ಬೆಟ್ಟಗಳನ್ನೂ ನೋಡಿ ಚಿಂತಿಸುವಂತೆ ಪವಿತ್ರ ಕುರ್‌ಆನ್ ನಮ್ಮನ್ನು ಕರೆಯುತ್ತದೆ. ಹನ್ನೊಂದನೇ ಶತಮಾನದ ವಿದ್ವಾಂಸ ಅಲ್ ಬೀರೂನಿಯವರು ಲೋಹ, ರತ್ನಗಳನ್ನು ನೀರಿನಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ತೂಗಿ ಅವುಗಳ ಸಾಂದ್ರತೆಯನ್ನು ಅಳೆದರು. ಆ ಪರಂಪರೆಯ ನಾವು ಇಂದು ಒಂದು ಪ್ರಶ್ನೆ ಕೇಳೋಣ: ನೆಲದೊಳಗೆ ಲೋಹ ಒಂದೆಡೆ ಸೇರುವುದು ಹೇಗೆ?

ಒಂದು ಟನ್ ಸಾಮಾನ್ಯ ಬಂಡೆಯಲ್ಲಿ ಚಿನ್ನವಿರುವುದು ಕೆಲವೇ ಮಿಲಿಗ್ರಾಂ. ಗಣಿಗೆ ಕೆಲವು ಗ್ರಾಂ ಬೇಕು, ಅಂದರೆ ಸಾವಿರ ಪಟ್ಟು. ಚೆದುರಿದ ಲೋಹವನ್ನು ಕೂಡಿಸುವ ಕೆಲಸದಲ್ಲಿ ಗಂಧಕದ ಪಾಲು ದೊಡ್ಡದು.

ಮೊದಲು ನಿಕ್ಕಲ್, ತಾಮ್ರವನ್ನು ನೋಡೋಣ. ಆಳದಲ್ಲಿ ಕರಗಿದ ಬಂಡೆಯೇ ಶಿಲಾಪಾಕ. ಅದರಲ್ಲಿ ಗಂಧಕ ಮಿತಿಮೀರಿದಾಗ, ನೀರಿನಿಂದ ಎಣ್ಣೆ ಬೇರ್ಪಡುವಂತೆ ಸಲ್ಫೈಡ್ ಹನಿಗಳು ಬೇರೆಯಾಗುತ್ತವೆ. ಎಣ್ಣೆ ತೇಲುತ್ತದೆ, ಈ ಹನಿಗಳು ಭಾರವಾದ್ದರಿಂದ ಮುಳುಗುತ್ತವೆ. ಸುತ್ತಲಿನ ನಿಕ್ಕಲ್, ತಾಮ್ರವನ್ನು ಹೀರಿಕೊಂಡು ತಳದಲ್ಲಿ ಶೇಖರವಾಗುತ್ತವೆ. ರಷ್ಯದ ನೊರಿಲ್ಸ್ಕ್‌ನಲ್ಲಿ ಸುಮಾರು 25 ಕೋಟಿ ವರ್ಷಗಳ ಹಿಂದೆ ಶಿಲಾಪಾಕವು ದಾರಿಯಲ್ಲಿದ್ದ ಪದರಗಳಿಂದ ಗಂಧಕವನ್ನು ಪಡೆಯಿತು. ಕೆನಡದ ಸಡ್‌ಬರಿಯಲ್ಲಿ ಸುಮಾರು 185 ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಬಡಿದು ನೆಲವೇ ಕರಗಿ, ಅದಿರು ಹೀಗೆಯೇ ತಳಕ್ಕಿಳಿಯಿತು. 1883ರಲ್ಲಿ ರೈಲು ಮಾರ್ಗಕ್ಕಾಗಿ ಬಂಡೆ ಒಡೆಯುವಾಗ ಅದು ಕಣ್ಣಿಗೆ ಬಿತ್ತು.

ನಮ್ಮ ಕೋಲಾರದ ಚಿನ್ನದ ಕಥೆ ಬೇರೆ. ಅದನ್ನು ಹೊತ್ತು ತಂದದ್ದು ಬಿಸಿನೀರು. ಸುಮಾರು 250 ಕೋಟಿ ವರ್ಷಗಳ ಹಿಂದೆ ಆಳದ ಆ ನೀರಿನಲ್ಲಿ ಚಿನ್ನವು ಗಂಧಕದ ಜೊತೆಗೂಡಿ ಕರಗಿತ್ತು. ಬಿರುಕುಗಳಲ್ಲಿ ಏರುವಾಗ ಒತ್ತಡ ಇಳಿಯಿತು. ಬಂಡೆಯಲ್ಲಿದ್ದ ಕಬ್ಬಿಣವು ಗಂಧಕವನ್ನು ಸೆಳೆದುಕೊಂಡಿತು. ಜೊತೆ ತಪ್ಪಿದ ಚಿನ್ನ ಬೆಣಚುಕಲ್ಲಿನೊಂದಿಗೆ ಅಲ್ಲೇ ಉಳಿಯಿತು. ಗಂಧಕ ಹಿಡಿದಲ್ಲಿ ನಿಕ್ಕಲ್, ಗಂಧಕ ಬಿಟ್ಟಲ್ಲಿ ಚಿನ್ನ ಎಂದು ನೆನಪಿಟ್ಟುಕೊಳ್ಳಿ.

ಹೀಗೆ ಕೂಡಿದ ಚಿನ್ನವನ್ನು ನಾವು ಸುಮಾರು 120 ವರ್ಷಗಳಲ್ಲಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ತೆಗೆದೆವು. 2001ರಲ್ಲಿ ಕೋಲಾರದ ಗಣಿ ಮುಚ್ಚಿತು. ಸಾವಿರಾರು ಕುಟುಂಬಗಳು ಅನ್ನದ ದಾರಿ ಕಳೆದುಕೊಂಡವು. ಸೈನೈಡ್ ಮಣ್ಣಿನ ಗುಡ್ಡಗಳು ಉಳಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಕೆಲಸ ಇನ್ನೂ ನಡೆದಿದೆ. ಆದರೆ ಗಣಿ ಹೊಲವಲ್ಲ, ಎರಡನೇ ಬೆಳೆ ಬಾರದು.

ವಿದ್ಯಾರ್ಥಿಗಳೇ, ವೈದ್ಯಕೀಯ, ಇಂಜಿನಿಯರಿಂಗ್ ಜೊತೆಗೆ ಭೂವಿಜ್ಞಾನದ ಬಾಗಿಲನ್ನೂ ತಟ್ಟಿರಿ. ಇಂದು ಬ್ಯಾಟರಿಗಳಿಗೂ ನಿಕ್ಕಲ್ ಬೇಕು. ಅದಿರನ್ನು ಹುಡುಕುವವರೂ, ಎಷ್ಟು ತೆಗೆಯಬೇಕು, ಏನನ್ನು ಉಳಿಸಬೇಕು ಎಂದು ಹೇಳಬಲ್ಲವರೂ ನಿಮ್ಮೊಳಗಿಂದ ಬರಲಿ. ನೆಲದ ಸಂಪತ್ತು ನಮ್ಮ ಕೈಯಲ್ಲಿರುವ ಅಮಾನತು. ಅಲ್ಲಾಹನು ನಮ್ಮ ಜ್ಞಾನವನ್ನು ಹೆಚ್ಚಿಸಲಿ, ಆಮೀನ್.