ಅಡಗಿದ ಕೋರೆಹಲ್ಲನ್ನು ಗುರುತಿಸುವ ಬಗೆ



ಮೇಲ್ದವಡೆಯ ಕೋರೆಹಲ್ಲು ಸಾಮಾನ್ಯವಾಗಿ 11-12ನೆಯ ವಯಸ್ಸಿನಲ್ಲಿ ಮೂಡುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಅದು ಮೂಳೆಯೊಳಗೇ ಉಳಿಯುತ್ತದೆ. ನೋವು ಕಾಣಿಸದಿದ್ದರೂ ಪಕ್ಕದ ಬಾಚಿಹಲ್ಲಿನ ಬೇರನ್ನು ಅದು ಕರಗಿಸಬಲ್ಲದು. ಆದುದರಿಂದ ಮಗುವಿಗೆ 10 ವರ್ಷವಾದಾಗ ಹಾಲುಕೋರೆಯ ಮೇಲಿನ ಒಸಡನ್ನು ತುಟಿಯ ಕಡೆಯಿಂದ ಮುಟ್ಟಿ ನೋಡಬೇಕು. ಉಬ್ಬು ಸಿಗದಿದ್ದರೆ, ಅಥವಾ ಒಂದೇ ಬದಿಯಲ್ಲಿ ಸಿಕ್ಕರೆ, ದಂತವೈದ್ಯರಿಗೆ ತೋರಿಸುವುದು ಅಗತ್ಯ. ನಾಗಪುರದ ಸರ್ಕಾರಿ ದಂತ ಮಹಾವಿದ್ಯಾಲಯದ ಆಸ್ಪತ್ರೆ ನಿಮಗೆ ದೂರವಿಲ್ಲ.

ಹಲ್ಲು ತುಟಿಯ ಕಡೆಗಿದೆಯೋ ಅಂಗುಳದ ಕಡೆಗಿದೆಯೋ ಎಂಬುದನ್ನು ಒಂದೇ ಕ್ಷ-ಕಿರಣ ಚಿತ್ರದಿಂದ ಖಚಿತಪಡಿಸಲಾಗದು. ಇದಕ್ಕೆ ಕ್ಲಾರ್ಕ್ ಎಂಬುವರು 1910ರಲ್ಲಿ ವಿವರಿಸಿದ ಉಪಾಯ ಇಂದಿಗೂ ಬಳಕೆಯಲ್ಲಿದೆ. ಕಿರಣನಳಿಕೆಯನ್ನು ಪಕ್ಕಕ್ಕೆ ಸರಿಸಿ ಎರಡನೆಯ ಚಿತ್ರ ತೆಗೆಯಲಾಗುತ್ತದೆ. ಕಳಮನಾ ನಿಲ್ದಾಣದಿಂದ ರೈಲು ಹೊರಟಾಗ ಹತ್ತಿರದ ಕಂಬ ಹಿಂದಕ್ಕೋಡುತ್ತದೆ. ದೂರದ ಮರ ನಮ್ಮೊಡನೆಯೇ ಬಂದಂತೆ ತೋರುತ್ತದೆ. ಹಾಗೆಯೇ, ನಳಿಕೆ ಸರಿದ ದಿಕ್ಕಿಗೇ ಹಲ್ಲು ಸರಿದಂತೆ ಕಂಡರೆ ಅದು ಅಂಗುಳದ ಕಡೆಗಿದೆ. ವಿರುದ್ಧ ದಿಕ್ಕಿಗೆ ಸರಿದರೆ ತುಟಿಯ ಕಡೆಗಿದೆ.

ಶಂಕುಕಿರಣ ಸಿ.ಟಿ. ಯಂತ್ರವು ಹಲ್ಲನ್ನು ಮೂರು ಆಯಾಮಗಳಲ್ಲಿ ತೋರಿಸುತ್ತದೆ. ಅದರಲ್ಲಿ ವಿಕಿರಣ ಹೆಚ್ಚಾದ್ದರಿಂದ, ಬೇರು ಕರಗಿದ ಸಂಶಯವಿದ್ದಾಗ, ಅಥವಾ ಸಾಮಾನ್ಯ ಚಿತ್ರಗಳು ಸಾಲದಾದಾಗ ಮಾತ್ರ ಬಳಸುವುದು ಉಚಿತ.

ಸಕಾಲದಲ್ಲಿ ತಿಳಿದರೆ, ಹಾಲುಕೋರೆಯನ್ನು ಕೀಳಿಸಿದ ಮಾತ್ರಕ್ಕೇ ಅಂಗುಳದ ಕಡೆಯ ಹಲ್ಲು ಅನೇಕ ವೇಳೆ ತಾನಾಗಿ ದಾರಿಗೆ ಬರುತ್ತದೆ. ತಡವಾದರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.