ಹುಳಿ ನೀರಿನಲ್ಲಿ ಒಡೆಯದ ಮೊಟ್ಟೆ

ಹೊಳೆನರಸೀಪುರದ ಹೇಮಾವತಿಯು ಸಕಲೇಶಪುರದ ಕಾಫಿ ತೋಟಗಳನ್ನು ಹಾದು ಬರುತ್ತಾಳೆ. ಕಾಫಿ ಹಣ್ಣಿನ ಪಲ್ಪಿಂಗ್ ನೀರು ಹುದುಗಿದರೆ ಅದರ ಪಿಎಚ್ 4ರ ಆಸುಪಾಸಿಗೆ ಇಳಿಯುವುದುಂಟು. ತಟಸ್ಥವಾದ 7ಕ್ಕಿಂತ ಅದು 1000 ಪಟ್ಟು ಹುಳಿ. ಗೊರೂರು ಜಲಾಶಯದಲ್ಲಿ ಅದು ತೆಳುವಾದೀತು. ಮೇಲಿನ ಬಡಕಲು ಹಳ್ಳಗಳಲ್ಲಿ ಹಾಗಲ್ಲ.

ದೊಡ್ಡ ಮೀನು ಈಜಿ ತಪ್ಪಿಸಿಕೊಂಡೀತು, ಮೊಟ್ಟೆಗೆಲ್ಲಿಯ ದಾರಿ? ಮೊಟ್ಟೆಯ ಕವಚವನ್ನು ಒಳಗಿನಿಂದ ಕರಗಿಸುವ ಕಿಣ್ವವು ಹುಳಿಯಲ್ಲಿ ಮಂಕಾಗುತ್ತದೆ. ಪಿಎಚ್ 5ಕ್ಕಿಂತ ಕೆಳಗೆ ಬಹುತೇಕ ಜಾತಿಗಳ ಮೊಟ್ಟೆಗಳು ಒಡೆಯವು. ಬಲಿತ ಮರಿಯೂ ಕವಚದೊಳಗೇ ಸಾಯುತ್ತದೆ. ಹೊರಬಂದ ಮರಿಯ ಮೈಯಿಂದ ಉಪ್ಪಿನಂಶ ಸೋರಿಹೋಗುತ್ತದೆ.

ಆಮ್ಲಮಳೆಯಿಂದ ಸಾಲ್ಮನ್ ಮೀನನ್ನು ಕಳೆದುಕೊಂಡಿದ್ದ ದಕ್ಷಿಣ ನಾರ್ವೆಯ ಹಲವು ನದಿಗಳು ಸುಣ್ಣ ಹಾಕಿದ ಮೇಲೆ ಅದನ್ನು ಮರಳಿ ಪಡೆದವು. ತೋಟದ ಹೊಂಡದಲ್ಲೇ ಸುಣ್ಣ ಬೆರೆಸುವುದು ಅದಕ್ಕಿಂತ ಸುಲಭ. ಆದರೆ ಸುಣ್ಣವೊಂದೇ ಸಾಲದು. ಆ ನೀರಿನ ಸಕ್ಕರೆಯಂಶ ಕೊಳೆಯುವಾಗ ಹೊಳೆಯ ಆಮ್ಲಜನಕವೂ ಕರಗಿಹೋಗುವುದರಿಂದ, ನೀರು ಹೊಂಡದಾಚೆ ಹರಿಯಕೂಡದು.